ಅಂಕಲ್ ಅಂದ್ರ ಮಾಮಾನೋ ಕಾಕಾನೋ?

ಶಹಾಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೆಯ ತರಗತಿಗೆ ಅಭ್ಯಾಸ ಬೋಧನೆ ನಡೆದಿತ್ತು. ವಿಷಯ ಇಂಗ್ಲಿಷ್, ಘಟಕ ಕುಟುಂಬ. ನಾನು ವೀಕ್ಷಣಾ ಪುಸ್ತಕ ಹಿಡಿದು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ನಮ್ಮ ಪ್ರಶಿಕ್ಷಣಾರ್ಥಿ ಕಪ್ಪು ಹಲಗೆಯ ಮೇಲೆ ಚೆಂದದ ವಂಶವೃಕ್ಷವೊಂದನ್ನು ಬರೆದಿದ್ದರು. ಮೇಲೆ ಗ್ರ್ಯಾಂಡ್‌ಫಾದರ್, ಗ್ರ್ಯಾಂಡ್‌ಮದರ್, ನಡುವೆ ಫಾದರ್, ಮದರ್, ಪಕ್ಕದ ಕೊಂಬೆಗಳಲ್ಲಿ ಅಂಕಲ್, ಆಂಟ್, ಕೆಳಗೆ ಕಸಿನ್. ಮಿಂಚುಪಟ್ಟಿಗಳೂ ತಯಾರಿದ್ದವು. ‘ನಿಮ್ಮ ಅಂಕಲ್ ಯಾರು?’ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಎರಡನೆಯ ಸಾಲಿನ ಹುಡುಗಿ ಎದ್ದು ನಿಂತಳು. “ಯಾವ ಅಂಕಲ್ರಿ ಟೀಚರ್? ಮಾಮಾನೋ ಕಾಕಾನೋ?”

“ಇಬ್ಬರೂ ಅಂಕಲ್ಲೇ” ಎಂದರು ಪ್ರಶಿಕ್ಷಣಾರ್ಥಿ.

ಹಿಂದಿನಿಂದ ಒಬ್ಬ ಹುಡುಗ ಅಂದ: “ಅಲ್ರಿ ಟೀಚರ್, ಅಂಕಲ್ ಅಂದ್ರ ಅಂಗಡ್ಯಾಂವ್ರಿ. ಮಾಮಾ ಮನ್ಯಾಂವ್ರಿ.”

ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿಯೂ ನಕ್ಕು, ಸುಣ್ಣದ ಕಡ್ಡಿ ಕೆಳಗಿಟ್ಟು, “ಹಂಗಾದ್ರ ಮಾಮಾ ಅಂದ್ರ ಯಾರು, ಕಾಕಾ ಅಂದ್ರ ಯಾರು, ನೀವೇ ಹೇಳ್ರಿ” ಎಂದರು. ಮುಂದಿನ ಹನ್ನೆರಡು ನಿಮಿಷ ಮಕ್ಕಳದೇ ಮಾತು. ಕೈ ಎತ್ತದ ಮಗು ಇರಲಿಲ್ಲ. ಗಂಟೆ ಬಾರಿಸಿದಾಗ ಕಸಿನ್ ಪದ ಹಲಗೆಯ ಮೇಲೆ ಹಾಗೇ ಉಳಿದಿತ್ತು.

ನಾನು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಹೀಗೆ: ‘ವಿಷಯಾಂತರವಾಗಿದೆ. ಸಮಯ ನಿರ್ವಹಣೆ ಸಾಲದು. ಇಂಗ್ಲಿಷ್ ಬಳಕೆ ಕಡಿಮೆ. ಪಾಠ ಯೋಜನೆಯಂತೆ ಕಲಿಕಾಂಶ ಪೂರ್ಣಗೊಂಡಿಲ್ಲ.’ ಅಂಕವನ್ನೂ ಕಡಿಮೆ ಕೊಟ್ಟೆ. ಆ ಹಿಮ್ಮಾಹಿತಿ ತಪ್ಪಾಗಿತ್ತು ಎಂದು ಹೇಳುವುದಕ್ಕೇ ಈ ಲೇಖನ. ಪಾಠ ವಿಷಯ ಬಿಟ್ಟು ಹೋಗಿರಲಿಲ್ಲ, ಆ ಹನ್ನೆರಡು ನಿಮಿಷದಲ್ಲಿಯೇ ವಿಷಯದ ಒಳಗೆ ಹೋಗಿತ್ತು. ಅದನ್ನು ಗುರುತಿಸುವಷ್ಟು ತಯಾರಿ ನನಗೆ ಇರಲಿಲ್ಲ.

ಅಂದು ಸಂಜೆ ಯಾದಗಿರಿಗೆ ಮರಳುವ ಬಸ್ಸಿನಲ್ಲಿ ಆ ಹುಡುಗನ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಅವನು ಹೇಳಿದ್ದರಲ್ಲಿ ಸುಳ್ಳೇನಿದೆ? ನಮ್ಮ ಪಟ್ಟಣಗಳಲ್ಲಿ ಅಂಕಲ್ ಎಂಬುದು ಈಗ ಕನ್ನಡದ್ದೇ ಪದ. ಅಂಗಡಿಗೆ ಹೋದ ಮಗು ‘ಅಂಕಲ್, ಒಂದು ಪೆನ್ ಕೊಡ್ರಿ’ ಎನ್ನುತ್ತದೆ. ಆಟೋದವರು ಅಂಕಲ್, ಮೊಬೈಲ್ ಅಂಗಡಿಯವರು ಅಂಕಲ್, ಅಪ್ಪನ ಜೊತೆ ಕೆಲಸ ಮಾಡುವವರು ಅಂಕಲ್. ಹಿಂದೆ ಇದೇ ಜಾಗದಲ್ಲಿ ಕಾಕಾ ಎನ್ನುತ್ತಿದ್ದೆವು. ಈಗ ಕಾಕಾ ಮನೆಯೊಳಗೆ ಉಳಿದು, ಅಂಕಲ್ ಬೀದಿಗೆ ಬಂದಿದೆ. ನಮ್ಮ ಮಗುವಿನ ಕಿವಿಯಲ್ಲಿ ಅಂಕಲ್ ಎಂದರೆ ‘ಸಂಬಂಧ ಇಲ್ಲದ ಹಿರಿಯ ಗಂಡಸು’. ‘ನಿನ್ನ ಮಾಮಾ ನಿನ್ನ ಅಂಕಲ್’ ಎಂದು ನಾವು ಹೇಳಿದರೆ, ‘ನಿನ್ನ ಮಾಮಾ ಹೊರಗಿನವನು’ ಎಂದು ಆ ಮಗುವಿಗೆ ಕೇಳಿಸುತ್ತದೆ. ನಾವು ಪೂರ್ವಜ್ಞಾನ ಎಂದು ಪಾಠ ಯೋಜನೆಯಲ್ಲಿ ಒಂದು ಸಾಲು ಬರೆಯುತ್ತೇವಲ್ಲ, ನಿಜವಾದ ಪೂರ್ವಜ್ಞಾನ ಇದು. ಅದನ್ನು ಕೇಳದೆ ಮುಂದೆ ಹೋಗುವುದು ಪೂರ್ವಜ್ಞಾನವನ್ನು ಕಾಗದದಲ್ಲಿ ಮಾತ್ರ ಪರೀಕ್ಷಿಸಿದಂತೆ.

ಆಮೇಲೆ ನಾನು ಆ ಪದದ ಹುಟ್ಟನ್ನು ಹುಡುಕಿಕೊಂಡು ಹೋದೆ. ಸಿಕ್ಕಿದ್ದು ನನಗೇ ಅಚ್ಚರಿ ತಂದಿತು.

ಇಂಗ್ಲಿಷಿನ ಅಂಕಲ್ ಹುಟ್ಟಿನಿಂದ ಇಂಗ್ಲಿಷ್ ಪದವಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮಾತು ಅಲ್ಲಿನ ಅರಮನೆ, ನ್ಯಾಯಾಲಯಗಳನ್ನು ಹೊಕ್ಕಿತು. ಅದರ ಜೊತೆ ಬಂದ ಪದ ಇದು. ಫ್ರೆಂಚಿಗೆ ಬಂದದ್ದು ಲ್ಯಾಟಿನ್ನಿನ ‘ಅವುಂಕುಲುಸ್’ ಎಂಬುದರಿಂದ. ಲ್ಯಾಟಿನ್ನಿನಲ್ಲಿ ‘ಅವುಸ್’ ಎಂದರೆ ಅಜ್ಜ. ಅವುಂಕುಲುಸ್ ಎಂದರೆ ‘ಸಣ್ಣ ಅಜ್ಜ’. ಯಾರನ್ನು ಹಾಗೆ ಕರೆಯುತ್ತಿದ್ದರು? ತಾಯಿಯ ಅಣ್ಣತಮ್ಮಂದಿರನ್ನು ಮಾತ್ರ. ತಂದೆಯ ಅಣ್ಣತಮ್ಮಂದಿರಿಗೆ ಲ್ಯಾಟಿನ್ನಿನಲ್ಲಿ ‘ಪಾತ್ರುವುಸ್’ ಎಂಬ ಬೇರೆಯೇ ಪದವಿತ್ತು. ಅಂದರೆ ಶಹಾಪುರದ ಆ ಹುಡುಗಿ ಪ್ರಾಚೀನ ರೋಮಿನ ಶಾಲೆಯಲ್ಲಿ ‘ಯಾವ ಅಂಕಲ್ರಿ’ ಎಂದು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಮಾಮಾನಿಗೊಂದು, ಕಾಕಾನಿಗೊಂದು ಪದ ಅಲ್ಲಿಯೂ ಇದ್ದವು. ಲ್ಯಾಟಿನ್ ಫ್ರೆಂಚ್ ಆಗುವ ಹಾದಿಯಲ್ಲಿ ಪಾತ್ರುವುಸ್ ಬಿದ್ದುಹೋಯಿತು. ಮಾಮಾನ ಪದವೇ ಕಾಕಾನಿಗೂ ಸಾಕು ಎಂದಾಯಿತು.

ಹಾಗಾದರೆ ಫ್ರೆಂಚ್ ಬರುವ ಮೊದಲು ಇಂಗ್ಲಿಷರು ಏನೆನ್ನುತ್ತಿದ್ದರು? ಹಳೆಯ ಇಂಗ್ಲಿಷಿನಲ್ಲಿ ತಾಯಿಯ ಸೋದರ ‘ಏಆಮ್’, ತಂದೆಯ ಸೋದರ ‘ಫ್ಯಾದೆರಾ’. ಅವರಿಗೂ ಎರಡು ಪದ! ಅಂಕಲ್ ಬಂದು ಎರಡನ್ನೂ ಬದಿಗೆ ಸರಿಸಿತು.

ಆಂಟ್ ಪದದ ಕಥೆಯೂ ಹೀಗೇ. ಅದರ ಮೂಲ ಲ್ಯಾಟಿನ್ನಿನ ‘ಅಮಿತಾ’. ನಮ್ಮ ಹಾಜರಿ ಪುಸ್ತಕದಲ್ಲಿ ಸಿಗುವ ಹೆಸರಿನಂತೆಯೇ ಕೇಳಿಸುತ್ತದೆ, ಆದರೆ ಅರ್ಥ ತಂದೆಯ ಅಕ್ಕತಂಗಿ. ತಾಯಿಯ ಅಕ್ಕತಂಗಿಯರಿಗೆ ‘ಮಾತೆರ್ತೆರಾ’ ಎಂಬ ಬೇರೆ ಪದವಿತ್ತು. ಈಗ ಎರಡನ್ನೂ ಕೂಡಿಸಿ ನೋಡಿ. ಅಂಕಲ್ ಮೂಲದಲ್ಲಿ ಸೋದರಮಾವ, ಆಂಟ್ ಮೂಲದಲ್ಲಿ ಸೋದರತ್ತೆ. ನಮ್ಮ ಮನೆಗಳಲ್ಲಿ ತೊಟ್ಟಿಲ ಕಾರ್ಯದ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಜವಳ ತೆಗೆಸುವಾಗ ತೊಡೆಯ ಮೇಲೆ ಕೂರಿಸಿಕೊಳ್ಳುವವನು ಸೋದರಮಾವ. ಇಂಗ್ಲಿಷಿನ ಆ ಎರಡು ಪದಗಳ ಬೇರು ಇದೇ ಇಬ್ಬರಲ್ಲಿದೆ.

ಇನ್ನು ಕಸಿನ್. ಅದರ ಮೂಲ ಲ್ಯಾಟಿನ್ನಿನ ‘ಕೊನ್ಸೊಬ್ರಿನುಸ್’, ಮೊದಲ ಅರ್ಥ ತಾಯಿಯ ಅಕ್ಕತಂಗಿಯ ಮಗ. ಅಂದರೆ ದೊಡ್ಡವ್ವ, ಚಿಗವ್ವನ ಮಗ. ನಮ್ಮಲ್ಲಿ ಅವನನ್ನು ಏನೆನ್ನುತ್ತೇವೆ? ಅಣ್ಣ ಅಥವಾ ತಮ್ಮ, ಅಷ್ಟೇ. ಇಂಗ್ಲಿಷಿನಲ್ಲಿ ಮಾತ್ರ ಈ ಪದ ಹಿಗ್ಗುತ್ತಲೇ ಹೋಯಿತು. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ರಾಜ ಕ್ಲಾಡಿಯಸ್ ತನ್ನ ಸ್ವಂತ ಸೋದರನ ಮಗನನ್ನೇ ಕಸಿನ್ ಎಂದು ಕರೆಯುತ್ತಾನೆ. ಆಗ ಅದು ಹತ್ತಿರದ ನೆಂಟ ಎಂಬಷ್ಟೇ ಅರ್ಥದ ಪದವಾಗಿತ್ತು. ಇಂದಿನ ಅರ್ಥ ಆಮೇಲೆ ಗಟ್ಟಿಯಾದದ್ದು.

ಈ ಇತಿಹಾಸವನ್ನು ಆರನೆಯ ತರಗತಿಯ ಮಕ್ಕಳಿಗೆ ಹೇಳಬೇಕು ಎಂದು ನಾನು ಅನ್ನುವುದಿಲ್ಲ. ಆದರೆ ಹಲಗೆಯ ಮುಂದೆ ನಿಲ್ಲುವವರಿಗೆ ಇದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ನಾವು ಒಂದು ತಪ್ಪು ನಂಬಿಕೆಯಿಂದ ಪಾಠ ಮಾಡುತ್ತೇವೆ: ಇಂಗ್ಲಿಷಿನ ಒಂದು ಪದ ಸರಳ, ಸುಧಾರಿತ, ನಮ್ಮ ಮಕ್ಕಳ ಹತ್ತು ಪದ ಹಳ್ಳಿಯ ಗೊಂದಲ ಎಂಬ ನಂಬಿಕೆ. ವಾಸ್ತವ ಬೇರೆ. ಇಂಗ್ಲಿಷ್ ಒಂದು ಕಾಲಕ್ಕೆ ಮಾಡುತ್ತಿದ್ದ ವಿಂಗಡಣೆಯನ್ನು ಬಿಟ್ಟುಕೊಟ್ಟಿದೆ. ನಮ್ಮ ಮಕ್ಕಳು ಅದನ್ನು ಈಗಲೂ ಮಾಡುತ್ತಾರೆ, ಬರೆಯಲು ಕಲಿಯುವ ಮೊದಲೇ ಮಾಡುತ್ತಾರೆ.

ಆ ವಿಂಗಡಣೆ ಎಷ್ಟು ಕಟ್ಟುನಿಟ್ಟಾದದ್ದು ನೋಡಿ. ಅವ್ವನ ಅಣ್ಣತಮ್ಮ ಮಾಮಾ. ಅಪ್ಪನ ಅಕ್ಕತಂಗಿಯ ಗಂಡನೂ ಮಾಮಾ. ಅಪ್ಪನ ಅಣ್ಣ ದೊಡ್ಡಪ್ಪ, ತಮ್ಮ ಕಾಕಾ. ಚಿಗವ್ವನ ಗಂಡನೂ ಕಾಕಾ. ದೊಡ್ಡಪ್ಪ, ಚಿಕ್ಕಪ್ಪ ಎಂಬ ಪದಗಳಲ್ಲೇ ‘ಅಪ್ಪ’ ಇದ್ದಾನೆ, ದೊಡ್ಡವ್ವ, ಚಿಗವ್ವ ಎಂಬಲ್ಲಿ ‘ಅವ್ವ’ ಇದ್ದಾಳೆ. ಹೀಗಾಗಿ ಅವರ ಮಕ್ಕಳು ಅಣ್ಣ, ತಮ್ಮ, ಅಕ್ಕ, ತಂಗಿ. ಮಾಮಾ ಮತ್ತು ಅತ್ತಿಯ ಮಕ್ಕಳು ಹಾಗಲ್ಲ. ಅವರ ಜೊತೆ ಬೀಗತನ ಬೆಳೆಸಬಹುದು. ಅದಕ್ಕೇ ಮಾವ ಎಂದರೆ ತಾಯಿಯ ಸೋದರನೂ ಹೌದು, ಹೆಂಡತಿಯ ಅಥವಾ ಗಂಡನ ತಂದೆಯೂ ಹೌದು. ಅತ್ತೆ ಎಂದರೆ ತಂದೆಯ ಸೋದರಿಯೂ ಹೌದು, ಮದುವೆಯಿಂದ ಬಂದ ಅತ್ತೆಯೂ ಹೌದು. ಅಳಿಯ ಎಂದರೆ ಸೋದರಿಯ ಮಗ, ಮಗಳ ಗಂಡ. ಪದಗಳೇ ಯಾರ ಜೊತೆ ಯಾರಿಗೆ ನಂಟು ಎಂಬುದನ್ನು ಹೇಳುತ್ತವೆ.

ಇದನ್ನು ಹೊರಗಿನವರು ಬಹಳ ಹಿಂದೆಯೇ ಗಮನಿಸಿದ್ದಾರೆ. ಅಮೆರಿಕದ ವಕೀಲ ಲೂಯಿಸ್ ಹೆನ್ರಿ ಮಾರ್ಗನ್ ಜಗತ್ತಿನ ಬೇರೆ ಬೇರೆ ಕಡೆಯ ಮಿಷನರಿಗಳಿಗೆ, ಅಧಿಕಾರಿಗಳಿಗೆ ಪ್ರಶ್ನಾವಳಿ ಕಳಿಸಿ ಬಂಧುವಾಚಕ ಪದಗಳನ್ನು ಸಂಗ್ರಹಿಸಿದ. 1871ರಲ್ಲಿ ಪ್ರಕಟವಾದ ಅವನ ಗ್ರಂಥದ ಪಟ್ಟಿಗಳಲ್ಲಿ ತಮಿಳು, ತೆಲುಗಿನ ಜೊತೆ ಕನ್ನಡವೂ ಇದೆ. ಅಮೆರಿಕದ ಮೂಲನಿವಾಸಿ ಸೆನೆಕಾ ಜನರ ಪದಗಳಿಗೂ ದ್ರಾವಿಡ ಭಾಷೆಗಳ ಪದಗಳಿಗೂ ಇರುವ ಹೋಲಿಕೆ ಅವನನ್ನು ಬೆರಗುಗೊಳಿಸಿತು. ಇರಾವತಿ ಕರ್ವೆಯವರು 1953ರಲ್ಲಿ ಭಾರತದ ಬಂಧುತ್ವದ ಬಗ್ಗೆ ಪುಸ್ತಕ ಬರೆದಾಗ ಉತ್ತರ ಮತ್ತು ದಕ್ಷಿಣ ಭಾರತದ ಪದ್ಧತಿಗಳ ನಡುವಿನ ವ್ಯತ್ಯಾಸವನ್ನು ವಿವರವಾಗಿ ಇಟ್ಟರು. ಪಂಡಿತರು ಗ್ರಂಥ ಬರೆದ ವಿಷಯವನ್ನು ನಮ್ಮ ಆರನೆಯ ತರಗತಿಯ ಹುಡುಗಿ ಬಾಯಿಪಾಠವಿಲ್ಲದೆ ಬಲ್ಲಳು. ಆಕೆಗೆ ನಾನು ‘ವಿಷಯಾಂತರ’ ಎಂದು ಬರೆದೆ.

ಎರಡನೆಯ ಪ್ರಸಂಗ ಸುರಪುರದ್ದು. ಮೊದಲಿನದಕ್ಕಿಂತ ಇದು ನನ್ನನ್ನು ಹೆಚ್ಚು ಕಾಡಿದೆ.

ಅದೇ ಘಟಕ, ಬೇರೆ ಪ್ರಶಿಕ್ಷಣಾರ್ಥಿ, ಐದನೆಯ ತರಗತಿ. ನನ್ನ ಹಿಂದಿನ ಟಿಪ್ಪಣಿಯ ಸುದ್ದಿ ತಿಳಿದಿದ್ದ ಈ ಪ್ರಶಿಕ್ಷಣಾರ್ಥಿ ಪಾಠ ಯೋಜನೆಯಿಂದ ಒಂದು ಗೆರೆ ಆಚೀಚೆ ಹೋಗಲಿಲ್ಲ. ಒಬ್ಬ ಹುಡುಗ ‘ನನಗೆ ನಾಲ್ಕು ಜನ ಅಣ್ಣಂದಿರು’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದ. ವಾಕ್ಯ ಸರಿಯಾಗಿತ್ತು, ಕಾಗುಣಿತ ಸರಿಯಾಗಿತ್ತು. ಅವರು ಕೇಳಿದರು, ನಾಲ್ವರೂ ನಿಮ್ಮ ಅಪ್ಪ ಅವ್ವನ ಮಕ್ಕಳೇನು ಎಂದು. ಇಬ್ಬರು ದೊಡ್ಡಪ್ಪನ ಮಕ್ಕಳು ಎಂದ. “ಹಂಗಾದ್ರ ಅವರು ಬ್ರದರ್ ಅಲ್ಲ, ಕಸಿನ್” ಎಂದು ಕೆಂಪು ಶಾಯಿಯಲ್ಲಿ ನಾಲ್ಕನ್ನು ಹೊಡೆದು ಎರಡು ಮಾಡಿದರು.

“ಅಲ್ರಿ ಸರ್, ಅವ್ರು ನನ್ನ ಅಣ್ಣಗೋಳ್ರಿ” ಎಂದ ಹುಡುಗ. “ನಮ್ಮಪ್ಪ ಅವ್ವ ಬೆಂಗಳೂರಾಗ ಕೆಲಸಕ್ಕ ಇದ್ದಾರ್ರಿ. ನಾ ಅವ್ರ ಕೂಡಾನೇ ಇರ್ತೀನ್ರಿ.”

ನಮ್ಮ ಜಿಲ್ಲೆಯ ಶಾಲೆಯಲ್ಲಿ ಇಂಥ ಮಗು ಅಪರೂಪವಲ್ಲ. ಬಿತ್ತನೆ ಮುಗಿದ ಮೇಲೆ, ಮಳೆ ಕೈಕೊಟ್ಟ ವರ್ಷ ಇನ್ನೂ ಬೇಗ, ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವ ಕುಟುಂಬಗಳು ಎಷ್ಟಿವೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಉಳಿದ ಮಕ್ಕಳು ಅಜ್ಜಿಯ ಬಳಿ, ದೊಡ್ಡಪ್ಪನ ಬಳಿ, ಮಾಮಾನ ಮನೆಯಲ್ಲಿ ಬೆಳೆಯುತ್ತಾರೆ. ಆ ಹುಡುಗನಿಗೆ ದಿನಾ ಊಟ ಹಾಕುವ ಮನೆಯ ಮಕ್ಕಳನ್ನು ನಾವು ಕೆಂಪು ಶಾಯಿಯಿಂದ ಅಣ್ಣಂದಿರ ಲೆಕ್ಕದಿಂದ ತೆಗೆದುಹಾಕಿದೆವು. ‘ನಾವು’ ಎಂದೆ, ಏಕೆಂದರೆ ಆ ಪಾಠಕ್ಕೆ ನಾನು ಒಳ್ಳೆಯ ಅಂಕ ಕೊಟ್ಟಿದ್ದೆ.

ಇಂಗ್ಲಿಷಿನಲ್ಲಿ ದೊಡ್ಡಪ್ಪನ ಮಗ ಕಸಿನ್ ಎಂಬುದು ನಿಜ. ಅದನ್ನು ಕಲಿಸಲೇಬೇಕು. ಆದರೆ ‘ಅವನು ನಿನ್ನ ಅಣ್ಣ ಅಲ್ಲ’ ಎಂದು ಹೇಳುವುದು ಬೇರೆ, ‘ನಿನ್ನ ಅಣ್ಣನನ್ನು ಇಂಗ್ಲಿಷಿನವರು ಕಸಿನ್ ಅಂತಾರೆ’ ಎಂದು ಹೇಳುವುದು ಬೇರೆ. ಮೊದಲನೆಯದು ಮಗುವಿನ ಮನೆಯನ್ನು ತಿದ್ದುತ್ತದೆ, ಎರಡನೆಯದು ಭಾಷೆ ಕಲಿಸುತ್ತದೆ. ನಮ್ಮ ಕೆಲಸ ಎರಡನೆಯದು.

ಇಷ್ಟು ಹೊತ್ತಿಗೆ ನನ್ನ ಅಭಿಪ್ರಾಯ ಒಂದೇ ಕಡೆ ವಾಲಿತ್ತು: ಮಗುವಿನ ಪದವೇ ಸರಿ, ಇಂಗ್ಲಿಷ್ ಪದ ಬಡವಾದದ್ದು. ಅದನ್ನು ಕಾಲೇಜಿನ ಪಾಠ ಚರ್ಚೆಯಲ್ಲಿ ಹೇಳಿದೆ ಕೂಡ. ಆಗ ಒಬ್ಬ ಪ್ರಶಿಕ್ಷಣಾರ್ಥಿ ಎದ್ದು ನಿಂತು ಹೇಳಿದ ಮಾತು ನನ್ನನ್ನು ತಡೆಯಿತು.

“ಸರ್, ನನಗ ಕಸಿನ್ ಅನ್ನೋ ಪದ ಇಷ್ಟ. ನಾನು ಸಣ್ಣಾಕಿ ಇದ್ದಾಗ ಮಾಮಾನ ಮಗ ಮನಿಗೆ ಬಂದ್ರ ಎಲ್ಲಾರೂ ನಗತಿದ್ರು, ‘ನಿನ್ನ ಗಂಡ ಬಂದ’ ಅಂತಿದ್ರು. ನನಗ ಅಳು ಬರತಿತ್ತು. ಹೈಸ್ಕೂಲಿಗೆ ಬಂದ ಮ್ಯಾಲ ಗೆಳತ್ಯಾರಿಗೆ ‘ಅಂವ ನನ್ನ ಕಸಿನ್’ ಅಂದೆ. ಯಾರೂ ನಗಲಿಲ್ಲ ಸರ್.”

ಚರ್ಚೆಯ ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಅಲ್ಲಿದ್ದ ಹೆಣ್ಣುಮಕ್ಕಳಲ್ಲಿ ಹಲವರಿಗೆ ಆ ನಗು ಗೊತ್ತಿತ್ತು. ನಾನು ಹೊಗಳುತ್ತಿದ್ದ ವಿಂಗಡಣೆಯೊಳಗೆ ಈ ನಗುವೂ ಇದೆ. ‘ಮಾಮಾ’ ಎಂಬ ಪದದಲ್ಲಿ ಜವಳದ ತೊಡೆಯೂ ಇದೆ; ‘ಈಕೆ ನಮ್ಮ ಮನೆ ಸೊಸೆ’ ಎಂದು ಹತ್ತು ವರ್ಷದ ಹುಡುಗಿಯ ಮೇಲೆ ಹಾಕುವ ಗುರುತೂ ಇದೆ. ಕೆಲವು ಮನೆಗಳಲ್ಲಿ ಅದು ತಮಾಷೆ. ಕೆಲವು ಮನೆಗಳಲ್ಲಿ ಅದು ನಿಶ್ಚಯ, ಮತ್ತು ಹುಡುಗಿ ಎಂಟನೆಯ ತರಗತಿಯಿಂದ ಒಂಬತ್ತಕ್ಕೆ ಬರುವುದಿಲ್ಲ. ನಮ್ಮಲ್ಲಿ ಸೋದರಮಾವನಿಗೇ ಕೊಡುವ ಪದ್ಧತಿಯೂ ಇರುವುದರಿಂದ ‘ನಿಮ್ಮ ಮಾಮಾ ಯಾರು?’ ಎಂಬ ನಮ್ಮ ಸರಳ ಪ್ರಶ್ನೆ ಎಲ್ಲ ಹುಡುಗಿಯರಿಗೂ ಸರಳವಾಗಿರುವುದಿಲ್ಲ.

ಕಾನೂನಿನ ಮಾತಿನಲ್ಲೂ ಈ ಪದ ತೊಡಕು ಮಾಡಿದೆ. 1955ರ ಹಿಂದೂ ವಿವಾಹ ಅಧಿನಿಯಮ ಮದುವೆಗೆ ನಿಷೇಧಿತವಾದ ಸಂಬಂಧಗಳನ್ನು ಪಟ್ಟಿ ಮಾಡುತ್ತದೆ. ಅದರ ಇಂಗ್ಲಿಷ್ ಪಾಠದಲ್ಲಿ ‘ಅಂಕಲ್ ಮತ್ತು ನೀಸ್’ ಎಂದಿದೆ. ಕಾಕಾನೋ ಮಾಮಾನೋ ಎಂಬ ಭೇದ ಆ ಪದದಲ್ಲಿಲ್ಲ. ನಮ್ಮ ರೂಢಿಯಲ್ಲಿ ಕಾಕಾನ ಜೊತೆ ಮದುವೆ ಎಂಬ ಮಾತನ್ನು ಆಡುವುದೂ ಪಾಪ, ಮಾಮಾನ ಜೊತೆಯದು ಹಳೆಯ ಪದ್ಧತಿ. ಅದಕ್ಕೆ ಅದೇ ಕಾನೂನು, ಇಬ್ಬರ ಕಡೆಯ ರೂಢಿಯೂ ಒಪ್ಪಿದರೆ ನಿಷೇಧ ಅನ್ವಯಿಸದು ಎಂದು ಒಂದು ಕಿಂಡಿ ಬಿಟ್ಟಿದೆ. ಆದರೆ ವಯಸ್ಸಿನ ವಿಷಯದಲ್ಲಿ ಯಾವ ರೂಢಿಗೂ ಕಿಂಡಿ ಇಲ್ಲ. 2006ರ ಬಾಲ್ಯವಿವಾಹ ನಿಷೇಧ ಅಧಿನಿಯಮದ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ತುಂಬಲೇಬೇಕು. ಮಾಮಾ ಆದರೂ ಅಷ್ಟೇ, ಅತ್ತಿಯ ಮಗ ಆದರೂ ಅಷ್ಟೇ. ಇದನ್ನು ಸಮಾಜ ವಿಜ್ಞಾನದ ಘಟಕ ಬರುವವರೆಗೆ ಕಾಯಬೇಕಿಲ್ಲ. ಇಂಗ್ಲಿಷ್ ತರಗತಿಯಲ್ಲಿ ಕಸಿನ್ ಪದಕ್ಕೆ ಮಕ್ಕಳು ನಕ್ಕ ಕ್ಷಣವೇ ಇದನ್ನು ಹೇಳುವ ಸಮಯ.

ಹೀಗೆ ನನ್ನ ಅಭಿಪ್ರಾಯ ತಿದ್ದಿಕೊಂಡೆ. ಮನೆಯ ಪದ ಮಗುವಿಗೆ ತನ್ನ ಜಾಗ ತೋರಿಸುತ್ತದೆ. ಕೆಲವೊಮ್ಮೆ ಆ ಜಾಗ ಇಕ್ಕಟ್ಟಾಗಿರುತ್ತದೆ. ಇಂಗ್ಲಿಷ್ ಪದ ಬಹಳಷ್ಟನ್ನು ಮರೆಮಾಚುತ್ತದೆ. ಕೆಲವೊಮ್ಮೆ ಆ ಮರೆಯೇ ಒಂದು ಹುಡುಗಿಗೆ ನೆರಳಾಗುತ್ತದೆ. ಆದ್ದರಿಂದ ಮಗುವಿಗೆ ಎರಡೂ ಬೇಕು. ಒಂದನ್ನು ಕೊಡಲು ಇನ್ನೊಂದನ್ನು ಕಸಿಯಬಾರದು.

ಮನೆಯ ಪದವನ್ನು ಇಂಗ್ಲಿಷಿನೊಳಗೆ ಹಾಗೇ ಇಡಬಹುದೇ ಎಂದು ಕೇಳುವವರಿಗೆ ಸುರಪುರದ್ದೇ ಉದಾಹರಣೆ ಇದೆ. ಕರ್ನಲ್ ಮೆಡೋಸ್ ಟೇಲರ್ 1841ರಿಂದ ಸುಮಾರು ಹನ್ನೆರಡು ವರ್ಷ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ. ಆಗ ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಆ ಹುಡುಗ ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಟೇಲರ್ ತೀರಿಕೊಂಡ ಮೇಲೆ 1877ರಲ್ಲಿ ಪ್ರಕಟವಾದ ಅವನ ಆತ್ಮಕಥೆಯಲ್ಲಿ, ಇಂಗ್ಲಿಷ್ ವಾಕ್ಯಗಳ ನಡುವೆ, ಆ ಕನ್ನಡ ಪದ ಹಾಗೇ ಉಳಿದಿದೆ. 1857-58ರ ಬಂಡಾಯದ ನಂತರ ಸೆರೆಯಲ್ಲಿದ್ದ ರಾಜನನ್ನು ಟೇಲರ್ ನೋಡಲು ಹೋದ ಪ್ರಸಂಗದಲ್ಲೂ ಅದೇ ಪದ ಬರುತ್ತದೆ. ಬ್ರಿಟಿಷ್ ಅಧಿಕಾರಿಯೊಬ್ಬ ದೇಶೀ ರಾಜಕುಮಾರನಿಗೆ ‘ಅಪ್ಪ’ ಆಗುವುದರ ಹಿಂದಿನ ರಾಜಕೀಯ ಬೇರೆ ಚರ್ಚೆ. ನನ್ನ ಮಾತು ಇಷ್ಟೇ: ಕಾದಂಬರಿಕಾರನೂ ಆಗಿದ್ದ ಒಬ್ಬ ಇಂಗ್ಲಿಷಿನವನಿಗೆ ಆ ಕರೆಯನ್ನು ಕನ್ನಡದಲ್ಲೇ ಉಳಿಸಬೇಕು ಎನ್ನಿಸಿತು. ಟೇಲರ್ ಮಂಜಿಲ್ ಇರುವ ಊರಿನ ಮಗು ಇಂಗ್ಲಿಷ್ ವಾಕ್ಯದಲ್ಲಿ ‘ಮೈ ಮಾಮಾ’ ಎಂದು ಬರೆದರೆ ನಾವು ಯಾವ ಧೈರ್ಯದಿಂದ ಅಡ್ಡಗೆರೆ ಹಾಕುತ್ತೇವೆ?

ಈಗ ಕೆಲಸದ ಮಾತಿಗೆ ಬರುತ್ತೇನೆ. ಈ ವರ್ಷದ ಪ್ರಶಿಕ್ಷಣಾರ್ಥಿಗಳಿಗೆ ಕುಟುಂಬದ ಘಟಕಕ್ಕೆ ನನ್ನ ಸಲಹೆ ಇದು.

ಮೊದಲ ಹತ್ತು ನಿಮಿಷ ಇಂಗ್ಲಿಷ್ ಪದ ಬೇಡ. ‘ನಿಮ್ಮ ಮನೆಯಲ್ಲಿ ಯಾರನ್ನು ಏನಂತ ಕರೀತೀರಿ?’ ಎಂದು ಕೇಳಿ, ಬಂದ ಪದಗಳನ್ನೆಲ್ಲ ಹಲಗೆಯ ಎಡಭಾಗದಲ್ಲಿ ಬರೆಯಿರಿ. ನಮ್ಮ ತರಗತಿಗಳಲ್ಲಿ ಒಂದೇ ಭಾಷೆ ಇರುವುದಿಲ್ಲ. ಮುಸ್ಲಿಂ ಮನೆಯ ಮಗು ಚಾಚಾ, ಮಾಮೂ, ಖಾಲಾ, ಫುಪ್ಪು ಎನ್ನುತ್ತದೆ. ಗುರುಮಠಕಲ್ ಕಡೆಯ ಮಗು ತೆಲುಗಿನಲ್ಲಿ ಚಿನ್ನಾನ್ನ, ಮೇನಮಾಮ ಎನ್ನಬಹುದು. ತಾಂಡಾದ ಮಗುವಿನಿಂದ ಲಂಬಾಣಿ ಪದ ಕೇಳಿ ಬರೆಯಿರಿ. ನಿಮಗೆ ಗೊತ್ತಿಲ್ಲ ಎಂದರೆ ಆ ಮಗುವೇ ಅಂದಿನ ಗುರು. ಯಾವ ಮನೆಯಲ್ಲಿ ಯಾರ ಜೊತೆ ಮದುವೆಯ ನಂಟು ಬೆಳೆಸುತ್ತಾರೆ ಎಂಬುದು ಸಮುದಾಯಕ್ಕೊಂದು ತೆರ ಇದೆ. ಆ ಚರ್ಚೆಗೆ ಇಳಿಯಬೇಡಿ, ಒಂದು ಮನೆಯ ರೂಢಿಯನ್ನು ಇಡೀ ತರಗತಿಯ ನಿಯಮ ಮಾಡಬೇಡಿ.

ಆಮೇಲೆ ಬಲಭಾಗದಲ್ಲಿ ಅಂಕಲ್, ಆಂಟ್, ಕಸಿನ್ ಎಂದು ಮೂರೇ ಪದ ಬರೆದು ಗೆರೆ ಎಳೆಯಲು ಮಕ್ಕಳನ್ನೇ ಕರೆಯಿರಿ. ಎಡಗಡೆಯ ಹತ್ತಾರು ಪದಗಳಿಂದ ಬಂದ ಗೆರೆಗಳೆಲ್ಲ ಮೂರು ಕಡೆ ಗಂಟಾಗುವುದನ್ನು ಅವರು ಕಣ್ಣಾರೆ ನೋಡುತ್ತಾರೆ. ‘ಇಂಗ್ಲಿಷ್ ಬುಟ್ಟಿ ದೊಡ್ಡದು, ಅದರಾಗ ಮಾಮಾನೂ ಕಾಕಾನೂ ಕೂಡ್ತಾರ’ ಎಂದು ಹೇಳಿದರೆ ಸಾಕು. ಚಂದಿರ ನಮಗೆ ಚಂದಮಾಮ, ನೆಹರು ಚಾಚಾ. ಇಂಗ್ಲಿಷಿನಲ್ಲಿ ಇಬ್ಬರೂ ಅಂಕಲ್ ಎಂದರೆ ಮಕ್ಕಳಿಗೆ ನಗು ಬರುತ್ತದೆ, ವಿಷಯವೂ ನೆನಪುಳಿಯುತ್ತದೆ.

ಮುಂದಿನ ಹಂತ ವ್ಯಾಕರಣ. ಬುಟ್ಟಿಯಲ್ಲಿ ಯಾರಿದ್ದಾರೆ ಎಂದು ಬಿಡಿಸಿ ಹೇಳಲು ಇಂಗ್ಲಿಷಿಗೂ ದಾರಿ ಇದೆ: ‘ಮೈ ಮದರ್ಸ್ ಬ್ರದರ್’, ‘ಮೈ ಫಾದರ್ಸ್ ಯಂಗರ್ ಬ್ರದರ್’. ಷಷ್ಠಿಯ ಅರ್ಥ ಕೊಡುವ ಆ ಮೇಲ್ಚಿಹ್ನೆ ಮತ್ತು ಎಸ್ ಅಕ್ಷರವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಯಾವ ಪಾಠದಲ್ಲಿದೆ? ಮಗುವಿಗೆ ಹೇಳಲೇಬೇಕಾದ ಮಾತು ಇರುವಾಗ ವ್ಯಾಕರಣ ತಾನಾಗಿ ಬೇಕಾಗುತ್ತದೆ.

ಬರವಣಿಗೆಗೆ ‘ನನ್ನ ಕುಟುಂಬ’ ಎಂದು ಕೊಡುವಾಗ ಅಪ್ಪ, ಅವ್ವ ಎಂಬ ಖಾಲಿ ಜಾಗ ತುಂಬಿಸಬೇಡಿ. ‘ನನ್ನ ಜೊತೆ ಮನೆಯಲ್ಲಿ ಇರುವವರು’ ಎಂದು ಕೊಡಿ. ಅಪ್ಪನನ್ನು ಕಳೆದುಕೊಂಡ ಮಗು, ದೊಡ್ಡಪ್ಪನ ಮನೆಯ ಮಗು, ಅಜ್ಜಿಯ ಜೊತೆ ಇರುವ ಮಗು, ಎಲ್ಲರೂ ತಲೆ ತಗ್ಗಿಸದೆ ಬರೆಯಬಹುದು. ‘ಮೈ ಮಾಮಾ’ ಎಂದು ಬರೆದರೆ ಸರಿ ಗುರುತು ಹಾಕಿ, ಪಕ್ಕದಲ್ಲಿ ಅದರ ಇಂಗ್ಲಿಷ್ ಬಿಡಿಸಿ ಬರೆಯಲು ಹೇಳಿ.

ಕೊನೆಯದು ಮುಖ್ಯವಾದದ್ದು. ಒಂದು ಹೆಸರು ಬಂದಾಗ ತರಗತಿ ನಕ್ಕರೆ, ಒಂದು ಹುಡುಗಿ ತಲೆ ಬಗ್ಗಿಸಿದರೆ, ಪಾಠ ನಿಲ್ಲಿಸಿ. ನಗುವನ್ನು ನಿಲ್ಲಿಸಿ. ಆಮೇಲೆ ಆ ಹುಡುಗಿಯ ಜೊತೆ ಒಬ್ಬರೇ, ಮೆಲ್ಲಗೆ ಮಾತಾಡಿ. ಮದುವೆಯ ಮಾತು ನಿಜವಾಗಿಯೂ ನಡೆದಿದೆ ಎನ್ನಿಸಿದರೆ ಮುಖ್ಯಗುರುಗಳಿಗೆ ತಿಳಿಸಿ. 1098 ಮಕ್ಕಳ ಸಹಾಯವಾಣಿ. ಆ ಸಂಖ್ಯೆಯನ್ನು ಮಕ್ಕಳೂ ಬಾಯಿಪಾಠ ಮಾಡಿರಲಿ.

‘ಇಷ್ಟೆಲ್ಲ ಮಾಡಿದರೆ ಅವಧಿ ಸಾಲುವುದಿಲ್ಲ ಸರ್’ ಎಂಬ ಆಕ್ಷೇಪ ನನಗೆ ಗೊತ್ತು. ಸಾಲುವುದಿಲ್ಲ ನಿಜ. ಒಂದು ಅವಧಿಯ ಪಾಠವನ್ನು ಎರಡು ಅವಧಿ ಮಾಡಿ, ಯೋಜನೆಯಲ್ಲೇ ಹಾಗೆ ಬರೆಯಿರಿ. ‘ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಹೆಚ್ಚಾಯಿತು’ ಎಂಬುದು ಇನ್ನೊಂದು ಆಕ್ಷೇಪ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತರಗತಿಯ ಬಹುಭಾಷೆಯನ್ನು ಸಂಪನ್ಮೂಲ ಎಂದು ಕರೆದಿದೆ. ಇದನ್ನು ನಾವು ಪರೀಕ್ಷೆಗೆ ಬರೆಸುತ್ತೇವೆ, ಪಾಠ ವೀಕ್ಷಣೆಗೆ ಕುಳಿತಾಗ ಮರೆಯುತ್ತೇವೆ. ಮರೆತವರಲ್ಲಿ ಮೊದಲನೆಯವನು ನಾನೇ. ಆ ಪ್ರಶಿಕ್ಷಣಾರ್ಥಿ ಕನ್ನಡ ಮಾತಾಡಿದ ಹನ್ನೆರಡು ನಿಮಿಷದಲ್ಲಿ ಮಕ್ಕಳು ಇಂಗ್ಲಿಷ್ ಪದವೊಂದರ ಗಡಿಯನ್ನು ತಾವೇ ಅಳೆದಿದ್ದರು. ಮಿಂಚುಪಟ್ಟಿ ತೋರಿಸಿ ಮೂವತ್ತು ಸಲ ಹೇಳಿಸಿದ್ದರೆ ಅದು ಆಗುತ್ತಿರಲಿಲ್ಲ.

ಆ ಪ್ರಶಿಕ್ಷಣಾರ್ಥಿ ತೇರ್ಗಡೆಯಾಗಿ ಹೋಗಿದ್ದಾರೆ. ಅಂಕಪಟ್ಟಿ ತಿದ್ದಲು ಬರುವುದಿಲ್ಲ. ಈಚೆಗೆ ಯಾದಗಿರಿಯ ಬಸ್ ನಿಲ್ದಾಣದಲ್ಲಿ ಭೇಟಿಯಾದಾಗ ಆ ಪಾಠದ ಮಾತು ತೆಗೆದು, “ಅವತ್ತು ನಾ ಬರೆದದ್ದು ತಪ್ಪವಾ, ನೀ ಮಾಡಿದ್ದೇ ಸರಿ ಇತ್ತು” ಎಂದೆ. ಅವರು ಸಂಕೋಚದಿಂದ ನಕ್ಕು, “ಇರ್ಲಿ ಬಿಡ್ರಿ ಸರ್” ಎಂದರು. ಆಮೇಲೆ ಕೇಳಿದರು: “ಆದ್ರ ಸರ್, ಅವತ್ತು ಕಸಿನ್ ಹೇಳೋದು ಉಳೀತಲ್ರಿ. ಆ ಮಕ್ಕಳಿಗೆ ಯಾರರ ಹೇಳಿದ್ರೇನ್ರಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಬರುವ ವಾರ ಅದೇ ಶಾಲೆಯಲ್ಲಿ ಅಭ್ಯಾಸ ಬೋಧನೆ ಇದೆ. ಆ ಮಕ್ಕಳು ಈಗ ಏಳನೆಯ ತರಗತಿಯಲ್ಲಿದ್ದಾರೆ. ಒಂದು ಅವಧಿ ನನಗೆ ಕೊಡಿ ಎಂದು ಮುಖ್ಯಗುರುಗಳನ್ನು ಕೇಳಿದ್ದೇನೆ. ಪಾಠ ಯೋಜನೆ ನಾನೇ ಬರೆಯುತ್ತಿದ್ದೇನೆ. ವೀಕ್ಷಣಾ ಪುಸ್ತಕ ಈ ಸಲ ಪ್ರಶಿಕ್ಷಣಾರ್ಥಿಗಳ ಕೈಯಲ್ಲಿರುತ್ತದೆ.